ಮಾತು ಕೇಳದ ಬೆರಳು

ಅವರು ನಮ್ಮ ಕ್ಲಿನಿಕ್ಕಿಗೆ ಮೊದಲ ಸಲ ಬಂದದ್ದು ತಮ್ಮ ಕೈ ತೋರಿಸಲಿಕ್ಕಲ್ಲ. ಜಿಗಣಿಯ ಕಾರ್ಖಾನೆಯೊಂದರಲ್ಲಿ ಅವರು ಸೇಫ್ಟಿ ಆಫೀಸರ್. ಪೆಟ್ಟಿಗೆ ಎತ್ತುವಾಗ ಭುಜ ಹಿಡಿದುಕೊಂಡಿದ್ದ ಕೆಲಸಗಾರನೊಬ್ಬನನ್ನು ತಮ್ಮ ಸ್ಕೂಟರಿನಲ್ಲೇ ಕೂರಿಸಿಕೊಂಡು ಕರೆತಂದಿದ್ದರು. ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ, ಮಣಿಕಟ್ಟಿನ ಗುಂಡಿಯೂ ಬಿಡದೆ ಹಾಕಿದ್ದು, ಎಣ್ಣೆ ಹಚ್ಚಿ ಪಕ್ಕಕ್ಕೆ ಬಾಚಿದ ತಲೆ. ಐವತ್ತರ ಹತ್ತಿರದ ವಯಸ್ಸು. ನಾನು ಆ ಕೆಲಸಗಾರನ ಭುಜ ನೋಡುತ್ತಿರುವಾಗ ಅವರು ಕೊಠಡಿಯ ನಾಲ್ಕೂ ಗೋಡೆಗಳ ಮೇಲೆ ಕಣ್ಣಾಡಿಸಿ ಕೇಳಿದರು:

"ಇಂದ್ಗಡೆ ಬಾಗ್ಲು ಇಲ್ವಾ ಡಾಕ್ಟ್ರಮ್ಮ?"

"ಇಲ್ಲ ಸಾರ್, ಇರೋದು ಇದೊಂದೇ."

"ಬೆಂಕಿಗಿಂಕಿ ಬಿದ್ರೆ ಈ ಕಾಲು ಕೈ ಬರ್ದೆ ಇರೋರೆಲ್ಲ ಎಂಗೆ ಆಚೆ ಓಗೋದು?"

ನಾನು ಡಾಕ್ಟರ್ ಅಲ್ಲ, ಫಿಸಿಯೋಥೆರಪಿಸ್ಟ್ ಎಂದೆ. "ಸರಿ ಡಾಕ್ಟ್ರಮ್ಮ" ಎಂದರು. ಕೊನೆಯವರೆಗೂ ಹಾಗೆಯೇ ಕರೆದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಅವರ ಬ್ಯಾಂಡಿಗೆ ಸೇರಿದ ನಾವು ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಎಲ್ಲರಿಗೂ ಅವರು ಅಣ್ಣ.

ಎರಡನೆಯ ಸಲ ಬಂದಾಗ ಅವರ ಕಣ್ಣು ನನ್ನ ಎಡಗೈ ಮೇಲಿತ್ತು. ಅದೇ ಕೆಲಸಗಾರನ ಭುಜಕ್ಕೆ ಯಂತ್ರ ಹಚ್ಚಿ ಅದು ನಿಲ್ಲುವುದನ್ನು ಕಾಯುತ್ತ ನಾನು ಮೇಜಿನ ಅಂಚಿನ ಮೇಲೆ ಬೆರಳಾಡಿಸುತ್ತಿದ್ದೆನಂತೆ.

"ಏನ್ ನುಡಿಸ್ತಿದೀರಿ?"

"ಏನಿಲ್ಲ ಸಾರ್. ಚಿಕ್ಕವಳಿದ್ದಾಗ ವೀಣೆ ಕಲ್ತಿದ್ದೆ. ಅಭ್ಯಾಸ ಹೋಗಿಲ್ಲ."

ಲಗ್ಗೆರೆಯಲ್ಲಿ ನಮ್ಮ ಬೀದಿಯ ಗಣಪತಿ ಗುಡಿಯ ಹಿಂದಿನ ಕೋಣೆಯಲ್ಲಿ ಕಲಿತದ್ದು. ಅಪ್ಪ ಪೀಣ್ಯದಲ್ಲಿ ಲೇತ್ ಆಪರೇಟರ್. ಮಗಳು ವೀಣೆ ನುಡಿಸಬೇಕೆನ್ನುವುದು ಅವರಿಗಿದ್ದ ಒಂದೇ ಶೋಕಿ. ಮದುವೆಯಾಗಿ ನಾನು ಚಂದಾಪುರಕ್ಕೆ ಬಂದೆ, ವೀಣೆ ತವರಿನ ಅಟ್ಟ ಹತ್ತಿತು. ಇಷ್ಟನ್ನು ಕೇಳಿಸಿಕೊಂಡು ಅವರು, "ಭಾನ್ವಾರ ಮಧ್ಯಾನ ನಮ್ ಚಿಕ್ಕಪ್ಪನ ಮಿಲ್ಲತ್ರ ಬನ್ನಿ. ಯಜಮಾನ್ರನ್ನೂ ಕರ್ಕೊಂಬನ್ನಿ. ನಮ್ದೊಂದು ಬ್ಯಾಂಡ್ ಅದೆ" ಎಂದರು.

ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟು ಎಂದೇ ನಾನೂ ನನ್ನ ಗಂಡನೂ ತಿಳಿದಿದ್ದೆವು. ಜಿಗಣಿಯ ಹಳೇ ಊರಿನ ಒಳಗೆ, ಅವರ ಚಿಕ್ಕಪ್ಪನ ಹಿಟ್ಟಿನ ಮಿಲ್ಲಿಗೆ ಭಾನುವಾರ ರಜ. ಬೀಗ ತೆಗೆದು ಒಳಗೆ ಹೋದರೆ ಗೋಡೆ, ತೊಲೆ, ಜೇಡರ ಬಲೆ ಎಲ್ಲದರ ಮೇಲೂ ಬಿಳಿಯ ಹಿಟ್ಟು. ರಾಗಿ ಮೂಟೆಗಳ ಪಕ್ಕ ಡ್ರಮ್ಮು, ಆಂಪ್ಲಿಫೈಯರು. ಚಂದಾಪುರದಲ್ಲಿ ಏಸಿ ರಿಪೇರಿ ಅಂಗಡಿ ಇಟ್ಟಿರುವ ಸಲೀಂ ಡ್ರಮ್ ನುಡಿಸುವವನು. ಕಾರು ಶೋರೂಮಿನಲ್ಲಿ ಕೆಲಸ ಮಾಡುವ ಲೋಕೇಶ ಹಾಡುವವನು. ಅಣ್ಣ ಮಣಿಕಟ್ಟಿನ ಗುಂಡಿ ಬಿಚ್ಚಿ, ತೋಳನ್ನು ಎರಡು ಮಡಿಕೆ ಮಡಿಸಿ, ಗಿಟಾರ್ ಕೊರಳಿಗೆ ಹಾಕಿಕೊಂಡರು.

ಆಮೇಲೆ ಅಲ್ಲಿ ಕೇಳಿಸಿದ್ದನ್ನು ನಾನು ಹೇಗೆ ಹೇಳಲಿ. ತೊಲೆಯ ಮೇಲಿನ ಹಿಟ್ಟು ಸಣ್ಣಗೆ ಉದುರಲು ಶುರುವಾಯಿತು. ಅಷ್ಟು ನಾಜೂಕಾಗಿ ನಿಂತಿದ್ದ ಮನುಷ್ಯನಿಂದ ಅಷ್ಟು ದೊಡ್ಡ, ಒರಟು, ಒಳಗೆ ಎಲ್ಲೋ ಅಳುವಿನಂಥದು ಇರುವ ಸದ್ದು ಬರುತ್ತಿತ್ತು. ಅವರ ಮುಖದಲ್ಲಿ ಮಾತ್ರ ಏನೂ ಇಲ್ಲ. ಬಸ್ಸಿಗೆ ಕಾಯುವವರ ಮುಖ. ನನ್ನ ಗಂಡ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಅದು ಆ ಮನುಷ್ಯಾನೇನಾ?" ಎಂದ.

ನನ್ನ ಕೈಗೆ ಅವರು ಬೇಸ್ ಗಿಟಾರ್ ಕೊಟ್ಟರು. ನನಗೆ ಬರುವುದಿಲ್ಲ ಎಂದರೆ, "ವೀಣೆಗೆ ಏಳು ತಂತಿ, ಇದ್ಕೆ ನಾಕೇ. ಮೂರು ಉಳೀತಲ್ಲ" ಎಂದರು.

ಅವರಿಗೆ ಗಿಟಾರ್ ಸಿಕ್ಕಿದ ಬಗೆಯೂ ಹಾಗೆಯೇ. ಅವರು ಮೊದಲು ಕೆಲಸಕ್ಕೆ ಸೇರಿದ ಫ್ಯಾಕ್ಟರಿಯಲ್ಲಿ ಕೇರಳದ ಸೂಪರ್‌ವೈಸರ್ ಒಬ್ಬರಿದ್ದರಂತೆ. ಗಲ್ಫಿಗೆ ಹೊರಡುವಾಗ ಗಿಟಾರನ್ನೂ ಒಂದು ಚೀಲ ಕ್ಯಾಸೆಟ್ಟನ್ನೂ ಇವರ ಕೈಗಿಟ್ಟು, ವಾಪಸ್ ಬಂದಾಗ ತಗೊಳ್ತೀನಿ ಎಂದರಂತೆ. ಬರಲಿಲ್ಲ. ಹಾಡುಗಳ ಮಾತು ಅರ್ಥವಾಗದೆ ಬರೀ ಗಿಟಾರ್ ಕೇಳಿಕೊಂಡು ಇವರು ಕಲಿತರು. ಮನೆಯಲ್ಲಿ ಬೈಗುಳ, ಊರಲ್ಲಿ ನಗೆ. ಕೊನೆಗೆ ಚಿಕ್ಕಪ್ಪ, "ಮಿಲ್ ಓಡೋವಾಗ ನುಡಿಸ್ಕೊ, ಯಾರ್ಗೂ ಕೇಳಲ್ಲ" ಎಂದು ಜಾಗ ಕೊಟ್ಟರಂತೆ. ಮಿಲ್ಲಿನ ಸದ್ದನ್ನು ಮೀರಿಸಿ ತಮಗೆ ತಾವು ಕೇಳಿಸಿಕೊಳ್ಳಬೇಕಾಗಿ ಬಂದದ್ದರಿಂದಲೇ ಅವರ ಕೈ ಅಷ್ಟು ಜೋರಾಯಿತು ಎನ್ನುವುದು ಸಲೀಮನ ವಾದ.

ಬ್ಯಾಂಡಿನ ಹೆಸರು 'ಹಿಟ್ಟು'. ಆ ಕಡೆ ಹಿಟ್ಟು ಎಂದರೆ ಮುದ್ದೆ. ಅಣ್ಣನ ಬಾಯಲ್ಲಿ ಅದು 'ಇಟ್ಟು'. ಹೆಸರು ಬದಲಾಯಿಸೋಣ ಎಂದು ಲೋಕೇಶ ಆಗಾಗ ಹೇಳುತ್ತಿದ್ದ. "ತಿನ್ನೋ ಇಟ್ಟಿನ ಮೇಲೆ ನಾಚ್ಕೆ ಯಾಕೋ" ಎನ್ನುವರು ಅಣ್ಣ.

ಹಾಡುಗಳನ್ನೆಲ್ಲ ಅವರೇ ಕಟ್ಟುತ್ತಿದ್ದರು. ಆನೇಕಲ್ ಕಡೆಯ ಮಾತಿನಲ್ಲೇ ಇರುತ್ತಿದ್ದವು. ಗ್ರಾನೈಟ್ ಹೇರಿಕೊಂಡು ಏದುಸಿರು ಬಿಡುತ್ತ ಹೋಗುವ ಲಾರಿಯ ಮೇಲೆ ಒಂದು, ಶಿಫ್ಟ್ ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುವ ಹೆಂಗಸಿನ ಮೇಲೆ ಒಂದು. ಮೊದಲು ಗಿಟಾರಿನ ಒಂದು ತುಣುಕು ಬರುತ್ತಿತ್ತು. ಅದಕ್ಕೆ ಲೋಕೇಶ ದನಿ ಸೇರಿಸುವನು, ಸಲೀಂ ಪೆಟ್ಟು ಸೇರಿಸುವನು, ನಾನು ಕೆಳಗಿನಿಂದ ಹಿಡಿದುಕೊಳ್ಳುವೆನು. ಎಲ್ಲವೂ ಆ ತುಣುಕಿಗೆ ಜೋತುಬಿದ್ದಿರುತ್ತಿತ್ತು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಅವರು ಹೇಳಿದ್ದಿಲ್ಲ. "ಇವತ್ತು ಒಪ್ಕೊಂತು" ಎನ್ನುವರು, ಇಲ್ಲವೇ "ಇವತ್ತು ಒಪ್ಲಿಲ್ಲ, ನಡೀರಿ ಟೀ ಕುಡಿಯಾನ" ಎನ್ನುವರು. ಯಾರು ಒಪ್ಪಬೇಕಿತ್ತು ಎಂದು ನಾವು ಕೇಳಲಿಲ್ಲ.

ಸೇಫ್ಟಿ ಆಫೀಸರಿಕೆಯನ್ನು ಅವರು ಗೇಟಿನಲ್ಲಿ ಬಿಟ್ಟು ಬರುವವರಲ್ಲ. ನಮಗೆಲ್ಲ ಕಿವಿಗೆ ಇಟ್ಟುಕೊಳ್ಳಲು ಸ್ಪಂಜಿನ ಬಿರಡೆ ತಂದುಕೊಟ್ಟಿದ್ದರು. ಪ್ಲಗ್ಗುಗಳನ್ನು ಮುಟ್ಟಿ ಬಿಸಿಯಾಗಿದೆಯೇ ನೋಡುವರು. ಒಮ್ಮೆ ಕಾಲೇಜೊಂದರ ಹಬ್ಬದಲ್ಲಿ ಲಾರಿಯ ಹಾಡು ಅರ್ಧ ಆಗಿತ್ತು. ಅಣ್ಣ ಗಕ್ಕನೆ ನಿಲ್ಲಿಸಿದರು. ನಾವೂ ಒಬ್ಬೊಬ್ಬರಾಗಿ ನಿಂತೆವು. ಅವರು ಮೈಕಿಗೆ ಬಗ್ಗಿ, "ಆ ಎಡಗಡೆ ಬಾಗ್ಲಿಗೆ ಅಡ್ಡ ಕುರ್ಚಿ ಪೇರಿಸಿದೀರಿ. ತೆಗೀರಪ್ಪ" ಎಂದರು. ಹುಡುಗರು ಹೋ ಎಂದು ನಕ್ಕರು. ಅಣ್ಣ ಕಾದರು. ಕೊನೆಯ ಕುರ್ಚಿ ಸರಿದ ಮೇಲೆ, ಬಿಟ್ಟ ಜಾಗದಿಂದಲೇ, ಅದೇ ಸ್ವರದಿಂದ ಎತ್ತಿಕೊಂಡರು. ಅವತ್ತು ಬಿದ್ದಂಥ ಚಪ್ಪಾಳೆ ನಮಗೆ ಮತ್ತೆಲ್ಲೂ ಸಿಗಲಿಲ್ಲ.

ತೊಂದರೆ ಶುರುವಾದದ್ದು ಒಂದು ನವೆಂಬರಿನಲ್ಲಿ. ನವೆಂಬರ್ ಬಂದರೆ ಕಂಪನಿಗಳಿಗೆಲ್ಲ ಕನ್ನಡ ನೆನಪಾಗಿ ನಮಗೆ ಕೈತುಂಬ ಕಾರ್ಯಕ್ರಮ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕ್ಯಾಂಪಸ್ಸಿನ ಹುಲ್ಲುಹಾಸಿನ ಮೇಲೆ ನುಡಿಸುತ್ತಿದ್ದಾಗ ಅಣ್ಣನ ಒಂದು ಸ್ವರ ಬೀಳಲಿಲ್ಲ. ನನ್ನ ಕಿವಿಯ ತಪ್ಪಿರಬೇಕೆಂದುಕೊಂಡೆ. ಮುಂದಿನ ಭಾನುವಾರ ಮಿಲ್ಲಿನಲ್ಲೂ ಅದೇ ಜಾಗದಲ್ಲಿ ಬೀಳಲಿಲ್ಲ. ಆಮೇಲೊಂದು ದಿನ ಅವರೇ ನಿಲ್ಲಿಸಿ, "ಡಾಕ್ಟ್ರಮ್ಮ, ಸ್ವಲ್ಪ ಇಲ್ಲಿ ಬನ್ನಿ. ಈ ಬೆರಳು ಮಾತು ಕೇಳ್ತಿಲ್ಲ" ಎಂದರು.

ಎಡಗೈಯ ಉಂಗುರದ ಬೆರಳು. ನಾನು ನೋಡಿದೆ. ಊತವಿಲ್ಲ, ನೋವಿಲ್ಲ, ಜೋಮಿಲ್ಲ. ನನ್ನ ಬೆರಳಿಗೆ ಎದುರಾಗಿ ಒತ್ತಿ ಎಂದರೆ ಬೇಕಾದಷ್ಟು ಶಕ್ತಿ. ಮೇಜಿನ ಮೇಲೆ ಅದೇ ತುಣುಕನ್ನು ಆಡಿಸಿ ಎಂದೆ. ನಾಲ್ಕೂ ಬೆರಳು ಸರಾಗವಾಗಿ ಆಡಿದವು. ಈಗ ಗಿಟಾರ್ ಹಿಡಿಯಿರಿ ಎಂದೆ. ಹಿಡಿದರು. ತಂತಿಯ ಹತ್ತಿರ ಹೋದದ್ದೇ ತಡ, ಆ ಬೆರಳು, ಮುಟ್ಟಿದರೆ ಮುನಿ ಗಿಡದ ಎಲೆಯಂತೆ, ಮೆಲ್ಲಗೆ ಅಂಗೈಯೊಳಕ್ಕೆ ಮಡಚಿಕೊಂಡಿತು. ಅದರ ಹಿಂದೆ ಕಿರುಬೆರಳೂ. ಅಣ್ಣ ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದರು.

ಕೈ ನೆಟ್ಟಗೆ ಮಾಡುವುದು ನನ್ನ ಕಸುಬು. ಕೀಬೋರ್ಡ್ ಕುಟ್ಟಿ ಮಣಿಕಟ್ಟು ಕೆಡಿಸಿಕೊಂಡವರು, ಯಂತ್ರಕ್ಕೆ ಸಿಕ್ಕಿ ನರ ಹರಿದುಕೊಂಡವರು, ಎಷ್ಟೋ ಜನ ನನ್ನ ಹತ್ತಿರ ಬಂದು ಮತ್ತೆ ಲೋಟ ಎತ್ತುವಂತಾಗಿ ಹೋಗಿದ್ದಾರೆ. ಅಣ್ಣನಿಗೆ ನನಗೆ ಗೊತ್ತಿದ್ದುದನ್ನೆಲ್ಲ ಮಾಡಿದೆ. ಬಿಸಿನೀರು, ಕರಗಿದ ಮೇಣದ ಶಾಖ, ವ್ಯಾಯಾಮ, ಬೆರಳಿಗೆ ಪ್ಲಾಸ್ಟಿಕ್ ಪಟ್ಟಿ. ಹೇಳಿದ್ದನ್ನೆಲ್ಲ ಅವರು ಕಾರ್ಖಾನೆಯ ನಿಯಮದಂತೆ ಪಾಲಿಸಿದರು. ಬೆರಳು ಗಿಟಾರನ್ನು ನೋಡಿದರೆ ಮಡಚಿಕೊಳ್ಳುವುದನ್ನು ಬಿಡಲಿಲ್ಲ.

ನರರೋಗದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ತುಂಬ ಹೊತ್ತು ಪರೀಕ್ಷೆ ಮಾಡಿ, ಕಾಯಿಲೆಗೆ ಒಂದು ಹೆಸರು ಹೇಳಿ, ತಾಳ್ಮೆಯಿಂದ ವಿವರಿಸಿದರು. ಕೈಯಲ್ಲಿ ಏನೂ ತೊಂದರೆಯಿಲ್ಲ. ಒಂದೇ ಸೂಕ್ಷ್ಮ ಕೆಲಸವನ್ನು ವರ್ಷಗಟ್ಟಲೆ ಮಾಡಿದವರಲ್ಲಿ ಕೆಲವರಿಗೆ, ಮಿದುಳಿನೊಳಗೆ ಬೆರಳುಗಳ ಗುರುತು ಒಂದರ ಮೇಲೊಂದು ಸರಿದು ಕಲಸಿಹೋಗುತ್ತದೆ. ಯಾವ ಬೆರಳಿಗೆ ಹೇಳಬೇಕೋ ಅದಕ್ಕೆ ಹೇಳಲು ಮಿದುಳಿಗೆ ಆಗುವುದಿಲ್ಲ, ಅದೂ ಆ ಒಂದು ಕೆಲಸದಲ್ಲಿ ಮಾತ್ರ.

"ಅಂದ್ರೆ ಜಾಸ್ತಿ ನುಡಿಸಿದ್ಕೇ ಇಂಗಾಯ್ತಾ ಸಾರ್?" ಎಂದು ಅಣ್ಣ ಕೇಳಿದರು.

"ಹಾಗೂ ಹೇಳ್ಬಹುದು."

"ವಾಸಿ ಆಗ್ತದಾ?"

"ಕೆಲವರಿಗೆ ಸ್ವಲ್ಪ ಸುಧಾರಿಸುತ್ತೆ. ಮೊದಲಿನ ಹಾಗೆ ಆಗೋದು ಕಷ್ಟ."

ಇಂಜೆಕ್ಷನ್ ಕೊಟ್ಟು ನೋಡಿದರು. ಬೆರಳು ಮಡಚುವುದು ಕಡಿಮೆಯಾಯಿತು, ಆದರೆ ಒತ್ತುವ ಶಕ್ತಿಯೂ ಹೋಯಿತು. ಅದರ ಪ್ರಭಾವ ಇಳಿದ ಮೇಲೆ ಮತ್ತೆ ಮೊದಲಿನಂತೆಯೇ. ಆಸ್ಪತ್ರೆಯಿಂದ ಹೊರಗೆ ಬರುತ್ತ ಅಣ್ಣ, "ಕುಡಿದೋ ಇನ್ನೊಂದ್ ಮಾಡಿಯೋ ಬಂದಿದ್ರೆ ನನ್ನೇ ನಾನು ಬೈಕೊಬೋದಿತ್ತು" ಎಂದರು.

ಅವರ ಹೆಂಡತಿಗೆ ಇದು ತಿಳಿಯುವುದು ಇನ್ನೂ ಕಷ್ಟವಾಯಿತು. "ಮುದ್ದೆ ಕಟ್ಟಕ್ಕೆ ಬರ್ತದೆ, ಗಾಡಿ ಓಡ್ಸಕ್ಕೆ ಬರ್ತದೆ, ಸೂಜಿಗೆ ದಾರಾನೂ ಪೋಣಿಸಿ ಕೊಡ್ತಾರೆ. ಅದೊಂದಕ್ಕೆ ಮಾತ್ರ ಬರಲ್ಲ ಅಂದ್ರೆ ಅದೇನಮ್ಮ ಕಾಯ್ಲೆ?" ಎಂದು ನನ್ನನ್ನು ಕೇಳಿದರು. ದೃಷ್ಟಿಯಾಗಿದೆಯೆಂದು ಯಾರೋ ಹೇಳಿ, ಮಣಿಕಟ್ಟಿಗೆ ಕಪ್ಪು ದಾರ ಬಂತು. ಅಣ್ಣ ಅದನ್ನೂ ಬೇಡವೆನ್ನಲಿಲ್ಲ. ಕಾರ್ಖಾನೆಯಲ್ಲಿ ಯಾರಿಗೂ ಏನೂ ಕಾಣುತ್ತಿರಲಿಲ್ಲ. "ಕಟ್ಟು ಹಾಕಿದ್ರೆ ಏನಾಯ್ತು ಅಂತ ಕೇಳೋರಾದ್ರೂ ಇರ್ತಾರೆ" ಎಂದು ಒಮ್ಮೆ ನಕ್ಕರು.

ಆಮೇಲೆ ಗಿಟಾರನ್ನು ತಿರುಗಿಸಿ ಹಿಡಿದು, ಬಲಗೈಯಲ್ಲಿ ತಂತಿ ಒತ್ತುವುದನ್ನು ಕಲಿಯಲು ಹೊರಟರು. ಆ ಸೆಕೆಗಾಲ ಪೂರ್ತಿ ನಾವು ಟೀ ಅಂಗಡಿಯಲ್ಲಿ ಕಾಲ ಕಳೆದೆವು. ಅವರು ಒಬ್ಬರೇ ಮಿಲ್ಲಿನಲ್ಲಿ ಕೂತು ಒಂದೊಂದೇ ಸ್ವರ ಹುಡುಕುತ್ತಿದ್ದರು. ಹೊರಗೆ ನಿಂತರೆ ಯಾವುದೋ ಮಗು ಅಕ್ಷರ ತಿದ್ದುತ್ತಿರುವಂತೆ ಕೇಳಿಸುತ್ತಿತ್ತು. ಸಲೀಂ ಕೇಳಲಾರದೆ ಎದ್ದು ಹೋಗುವನು. ಒಂದು ಭಾನುವಾರ ಅವರು ಗಿಟಾರನ್ನು ಪೆಟ್ಟಿಗೆಗೆ ಹಾಕಿ ಮೂಟೆಗಳ ಪಕ್ಕ ನಿಲ್ಲಿಸಿ, ನಮ್ಮನ್ನು ಒಳಗೆ ಕರೆದರು.

"ನಾನ್ ಬಿಡ್ತೀನಿ. ನೀವ್ ಬಿಡ್ಬೇಡಿ" ಎಂದರು.

ಲೋಕೇಶ ಏನೋ ಹೇಳಲು ಹೋದ. ಅಣ್ಣ ಕೈ ಎತ್ತಿ ತಡೆದು, "ಬೇರೆ ಒಬ್ರನ್ನ ನೋಡ್ಕೊಳ್ಳಿ. ಮಿಲ್ಲಿನ ಬೀಗ ನಾನೇ ಬಂದು ತೆಗೀತೀನಿ" ಎಂದು ಮಣಿಕಟ್ಟಿನ ಗುಂಡಿ ಹಾಕಿಕೊಂಡರು.

ನಾವು ಮೂವರೂ ಟೀ ಅಂಗಡಿಯಲ್ಲಿ ಕೂತೆವು. ಬೇರೆ ಗಿಟಾರಿನವರನ್ನು ಹುಡುಕುವುದು ಎಂದರೆ ಏನನ್ನು ಹುಡುಕುವುದು ಎಂದು ನಮಗೆ ತಿಳಿಯಲಿಲ್ಲ. ಸಲೀಂ ಕೇಳಿದ:

"ಮೇಡಂ, ಇಂಜಿನ್ ತೆಗ್ದು ಬೇರೆ ಇಂಜಿನ್ ಕೂರ್ಸಿದ್ರೆ ಅದು ಅದೇ ಗಾಡೀನಾ? ನಂಬರ್ ಪ್ಲೇಟ್ ಅದೇ ಇರುತ್ತೆ."

"ಅಣ್ಣ ಬಿಡ್ಬೇಡಿ ಅಂದ್ರಲ್ಲ ಮಚ್ಚಾ," ಎಂದ ಲೋಕೇಶ. "ಬಿಡ್ದೆ ಇರೋದು ಹೆಂಗೆ ಅಂತ ಹೇಳ್ಲಿಲ್ಲ ಅಷ್ಟೆ."

ಕೊನೆಗೆ ಸಿಕ್ಕಿದವನು ತೇಜಸ್. ವೈಟ್‌ಫೀಲ್ಡಿನ ಕಂಪನಿಯಲ್ಲಿ ಕೆಲಸ, ಪಟ್ಟಂದೂರು ಅಗ್ರಹಾರದಲ್ಲಿ ಬಾಡಿಗೆ ಮನೆ. ಊರಿನ ಆ ತುದಿಯಿಂದ ಜಿಗಣಿಯವರೆಗೆ ಪ್ರತಿ ಭಾನುವಾರ ಬೈಕಿನಲ್ಲಿ ಬರುತ್ತಿದ್ದ. ಒಳ್ಳೆಯವನು, ಬೆರಳು ಮಿಂಚಿನಂತೆ ಓಡುತ್ತಿತ್ತು. ಅಣ್ಣ ಬೀಗ ತೆಗೆದು, ಕಸ ಗುಡಿಸಿ, ಅವನೆದುರು ಮೂಟೆಯ ಮೇಲೆ ಕೂತು ಹಾಡುಗಳನ್ನು ಹೇಳಿಕೊಟ್ಟರು. ಬಾಯಲ್ಲೇ ಹೇಳಿಕೊಡಬೇಕು. "ಡಂ ಡಡಂ, ಇಲ್ಲಿ ಸ್ವಲ್ಪ ಎಳಿ. ಅಷ್ಟಲ್ಲ. ಲಾರಿ ಏರು ಅತ್ತಕ್ಕಾಗ್ದೆ ನಿಲ್ತದಲ್ಲ, ಅಂಗೆ." ತೇಜಸ್ ಎಳೆಯುತ್ತಿದ್ದ, ಚೆನ್ನಾಗಿಯೇ ಇರುತ್ತಿತ್ತು, ಆದರೆ ಲಾರಿ ಸಲೀಸಾಗಿ ಏರು ಹತ್ತಿಬಿಡುತ್ತಿತ್ತು. ಒಂದು ದಿನ ಅಣ್ಣ ತಡೆಯಲಾರದೆ, "ಕೊಡಪ್ಪ ಇಲ್ಲಿ" ಎಂದು ಗಿಟಾರ್ ತೆಗೆದುಕೊಂಡರು. ಅವರು ಮರೆತಿದ್ದರು. ತಂತಿಯ ಮೇಲೆ ಕೈ ಹೋಯಿತು, ಎರಡು ಬೆರಳು ಮಡಚಿಕೊಂಡವು. ಅವರು ಹಾಗೇ ಹಿಡಿದುಕೊಂಡು ಕೂತರು.

"ಪರ್ವಾಗಿಲ್ಲ ಅಣ್ಣ, ನಾನೇ ಹುಡುಕ್ಕೊತೀನಿ," ಎಂದ ತೇಜಸ್, ತುಂಬ ಮೃದುವಾಗಿ.

ಅಂದಿನಿಂದ ಅಣ್ಣ ಬೀಗ ತೆಗೆದು ಹೊರಗಿನ ಕಟ್ಟೆಯ ಮೇಲೆ ಕೂರತೊಡಗಿದರು. ತೇಜಸ್ ತನಗೆ ತಿಳಿದಂತೆ ಹುಡುಕಿಕೊಂಡ. ಹಾಡುಗಳ ಓಟ ಹೆಚ್ಚಿತು, ಅಂಚುಗಳು ನುಣುಪಾದವು. ಅದು ತಪ್ಪೆಂದು ಹೇಳುವ ಹಾಗಿರಲಿಲ್ಲ. ಅವನು ಅವನಂತೆ ನುಡಿಸುತ್ತಿದ್ದ. ಅವನ ಪರಿಚಯದಿಂದ ವೈಟ್‌ಫೀಲ್ಡ್ ಕಡೆಯ ಪಬ್ಬುಗಳು ಸಿಕ್ಕವು. ಅಲ್ಲಿಯ ಮ್ಯಾನೇಜರುಗಳು, "ನಿಮ್ದೂ ಒಂದೆರಡು ಹಾಡಿ, ಮಿಕ್ಕಿದ್ದು ಜನಕ್ಕೆ ಗೊತ್ತಿರೋದು ಹಾಡಿ" ಎನ್ನುವರು. ಹಾಗೆ ನಮ್ಮದು ಕಮ್ಮಿಯಾಗುತ್ತ ಬಂತು. ಇದು ಬೇಡ ಎಂದು ನನಗೂ ಸಲೀಮನಿಗೂ ಅನ್ನಿಸುತ್ತಿತ್ತು. ಇದು ಬೇಡವಾದರೆ ಬೇಕಾದದ್ದು ಯಾವುದು ಎಂದು ಲೋಕೇಶ ಕೇಳಿದಾಗ ಇಬ್ಬರಿಗೂ ಹೇಳಲು ಬರಲಿಲ್ಲ. ಹೊಸ ಹಾಡು ಕಟ್ಟೋಣವೆಂದು ಎಷ್ಟೋ ಭಾನುವಾರ ಕೂತೆವು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು, ಶುರುವಾಗುವ ತುಣುಕು ಯಾರ ಹತ್ತಿರವೂ ಇರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಅಣ್ಣ ಯಾರೊಂದಿಗೋ ಊರಿನ ಚರಂಡಿ ವಿಚಾರ ಮಾತಾಡುತ್ತಿರುವುದು ಕೇಳಿಸುತ್ತಿತ್ತು.

ಮರುವರ್ಷದ ನವೆಂಬರಿನಲ್ಲಿ ವೈಟ್‌ಫೀಲ್ಡಿನ ದೊಡ್ಡ ಟೆಕ್ ಪಾರ್ಕೊಂದರಲ್ಲಿ ನಮ್ಮ ಕಾರ್ಯಕ್ರಮವಾಯಿತು. ಸಂಜೆಯ ಬೆಳಕು ಇನ್ನೂ ಇತ್ತು, ಜನ ಮೆಟ್ಟಿಲುಗಳ ತುಂಬ ಕೂತಿದ್ದರು. ಅಣ್ಣ ಬರುತ್ತಾರೆಂದು ನಾವು ಅಂದುಕೊಂಡಿರಲಿಲ್ಲ. ಅರ್ಧದಲ್ಲಿ ನೋಡಿದರೆ ಹಿಂದೆ, ಕಂಬವೊಂದರ ಪಕ್ಕ, ಇಸ್ತ್ರಿ ಅಂಗಿಯಲ್ಲಿ ನಿಂತಿದ್ದಾರೆ. ಯಾರೋ ಲಾರಿ ಹಾಡು ಎಂದು ಕೂಗಿದರು. ತೇಜಸ್ ಎತ್ತಿಕೊಂಡ. ಅವತ್ತು ಅವನು ಅದ್ಭುತವಾಗಿ ನುಡಿಸಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಣ್ಣನೂ ತಟ್ಟುತ್ತಿದ್ದರು. ಆದರೆ ಅವರ ಕೈಗಳು ಸರಿಯಾಗಿ ಸೇರುತ್ತಿರಲಿಲ್ಲ. ದೂರದಿಂದ ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕಂಡಿತು: ಬಲ ಅಂಗೈಗೆ ಅವರು ಬಡಿಯುತ್ತಿದ್ದುದು ಎಡಗೈಯ ಮುಷ್ಟಿಯನ್ನು.

ಕಾರ್ಯಕ್ರಮ ಮುಗಿದ ಮೇಲೆ ಹುಡುಕಿಕೊಂಡು ಹೋದೆ. ಪಾರ್ಕಿಂಗ್ ಹತ್ತಿರ ಸಿಕ್ಕಿದರು.

"ಚೆನ್ನಾಗಿತ್ತು ಡಾಕ್ಟ್ರಮ್ಮ. ಅದೇ ಕಷ್ಟ" ಎಂದರು.

"ಕೈ ತೋರ್ಸಿ ಅಣ್ಣ."

ತೋರಿಸಿದರು. ಬೆರಳುಗಳು ಆಗಲೇ ಬಿಚ್ಚಿಕೊಂಡಿದ್ದವು. "ಈಗೀಗ ಕೇಳಿದ್ರೂ ಮಡ್ಚ್ಕೊತದೆ," ಎಂದರು. "ಮಿಲ್ಲಿನ ಕಟ್ಟೆ ಮೇಲೆ ಕೂತಿರ್ತೀನಲ್ಲ, ಜೇಬಲ್ಲಿ ಕೈ ಇಟ್ಕೊಂಡು, ಅಲ್ಲೂವೆ. ಅವ್ನು ನುಡಿಸಕ್ಕೆ ಶುರು ಮಾಡಿದ್ರೆ ಇದು ಒಳಗೆ ಮುದುಡ್ಕೊತದೆ. ನಾನು ಸುಮ್ನೆ ಕೇಳ್ತೀನಿ ಅಂದ್ರೂ ಬಿಡಲ್ಲ." ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಕೇಳಿದರು: "ಇದ್ಕೇನಾದ್ರೂ ಅದಾ?"

ಇಲ್ಲ ಎಂದೆ. ನನ್ನ ಕಸುಬಿನಲ್ಲಿ ಅಷ್ಟು ಬೇಗ ಇ‌ಲ್ಲ ಎಂದು ನಾನು ಯಾರಿಗೂ ಹೇಳಿದವಳಲ್ಲ. ಅವರು ತಲೆಯಾಡಿಸಿ ಸ್ಕೂಟರ್ ಹತ್ತಿದರು.

ಮುಂದಿನ ವಾರ ಮಿಲ್ಲಿನ ಬೀಗದ ಕೈ ಸಲೀಮನ ಅಂಗಡಿಗೆ ಬಂತು. ನಾವು ಕೆಲವು ಭಾನುವಾರ ಹೋದೆವು. ಆಮೇಲೆ ತೇಜಸ್‌ಗೆ ದೂರವಾಗುತ್ತದೆಂದು ಅವನ ಕಡೆಯೇ ಪ್ರಾಕ್ಟೀಸ್ ರೂಮು ಹಿಡಿದೆವು. ಹೆಸರು ಬದಲಾಯಿತು, ಅಲ್ಲಿಯವರಿಗೆ 'ಹಿಟ್ಟು' ಬಾಯಿಗೆ ಬರುತ್ತಿರಲಿಲ್ಲ. ಅಣ್ಣನ ಹಾಡುಗಳು ಒಂದೊಂದಾಗಿ ಬಿಟ್ಟುಹೋದವು, ಕೊನೆಗೆ ಲಾರಿಯೂ. ಬೇಸಿನ ಸದ್ದನ್ನು ಲ್ಯಾಪ್‌ಟಾಪಿನಿಂದಲೇ ಹಾಕಬಹುದು ಎಂದಾದಾಗ ನಾನು ಹೋಗುವುದನ್ನು ನಿಲ್ಲಿಸಿದೆ. ಯಾರೂ ಜಗಳವಾಡಲಿಲ್ಲ. ಈಗ ಲೋಕೇಶನೂ ತೇಜಸ್ಸೂ ಇಬ್ಬರೇ ಅಪಾರ್ಟ್‌ಮೆಂಟುಗಳ ಗಣೇಶ ಹಬ್ಬಕ್ಕೆ, ಕಂಪನಿಗಳ ಫ್ಯಾಮಿಲಿ ಡೇಗೆ ಹಾಡುತ್ತಾರೆ. ಕರೆದವರೆಲ್ಲ ಮತ್ತೆ ಕರೆಯುತ್ತಾರಂತೆ. ಸಲೀಮನ ಡ್ರಮ್ಮು ಅಂಗಡಿಯಲ್ಲಿ ಹಳೇ ಏಸಿಗಳ ಮೇಲೆ ಕೂತಿದೆ. "ಮಾರ್ಬಿಡೋಣ ಅಂತೀನಿ ಮೇಡಂ, ಕೈ ಬರಲ್ಲ" ಎನ್ನುತ್ತಾನೆ.

ಅಣ್ಣ ಕೆಲಸದಲ್ಲೇ ಇದ್ದಾರೆ. ಒಮ್ಮೆ ಬೊಮ್ಮಸಂದ್ರದ ಸಿಗ್ನಲ್ಲಿನಲ್ಲಿ ಸಿಕ್ಕರು. ಹೆಲ್ಮೆಟ್ ಎತ್ತಿ, "ಚೆನ್ನಾಗಿದೀರಾ ಡಾಕ್ಟ್ರಮ್ಮ" ಎಂದರು. ಪಕ್ಕದ ಆಟೋದಲ್ಲಿ ಯಾವುದೋ ಹಾಡು ಹಾಕಿದ್ದರು. ಹಸಿರು ದೀಪ ಬರುವ ಮೊದಲೇ ಅವರು ಗಾಡಿಯನ್ನು ತಳ್ಳಿಕೊಂಡು ಮುಂದೆ ಹೋದರು.

ಹೋದ ತಿಂಗಳಿಂದ ಅವರ ಹೆಂಡತಿ ಮೊಣಕಾಲು ನೋವಿಗೆ ನನ್ನ ಹತ್ತಿರ ಬರುತ್ತಿದ್ದಾರೆ. ಎರಡು ಸಲ ಬರೀ ಮೊಣಕಾಲಿನ ಮಾತಾಯಿತು. ಮೊನ್ನೆ ಬಂದಾಗ, ಪಕ್ಕದ ಹಾಸಿಗೆಯವರು ಎದ್ದು ಹೋಗುವವರೆಗೆ ಕಾದು, ದನಿ ತಗ್ಗಿಸಿದರು.

"ನಿಮ್ಮನ್ನೊಂದು ಮಾತು ಕೇಳ್ಬೇಕು. ಅವ್ರಿಗೆ ಏಳ್ಬಾರ್ದು."

"ಹೇಳಿ."

"ನಮ್ಮನೇಲಿ ಈಗ ಹಾಡು ಅನ್ನೋದೇ ಇಲ್ಲ. ಟೀವೀನೂ ಸೌಂಡು ತೆಗ್ದೇ ನೋಡ್ತೀವಿ. ಅದಿರ್ಲಿ. ಭಾನ್ವಾರ ಊಟ ಆದ್ಮೇಲೆ ಅವ್ರು ಚಾಪೆ ಆಕ್ಕೊಂಡು ಮಲಗ್ತಾರೆ. ಪಕ್ಕದಲ್ಲಿ ನಾನು ಸೊಪ್ಪು ಬಿಡಿಸ್ತಾ ಕೂತಿದ್ದೆ. ನಿದ್ದೇಲಿ ಅವ್ರ ಎಡಗೈ ನನ್ ಕೈ ಮೇಲೆ ಬಿತ್ತು. ಬಿದ್ದು ಆಡಕ್ಕೆ ಶುರುವಾಯ್ತು." ಅವರು ನನ್ನ ಮುಖ ನೋಡಿದರು. "ನಾಕೂ ಬೆರಳು ಕಣಮ್ಮ. ಆ ಬೆರಳೂವೆ. ಒಂದ್ಸಲಾನೂ ಮಡ್ಚ್ಕೊಳ್ಲಿಲ್ಲ."

"ಒಂದೇ ಸಲಾನಾ?"

"ಪ್ರತಿ ಭಾನ್ವಾರ. ಈಗ ಅವ್ರಿಗೆ ನಿದ್ದೆ ಅತ್ತಿದ್ ಮೇಲೆ ನಾನೇ ಓಗಿ ಪಕ್ಕದಲ್ಲಿ ನೆಲದ್ ಮೇಲೆ ಕೂತ್ಕೊಂಡು ಕೈ ಒಡ್ತೀನಿ."

ಹೇಗೆ ಆಡುತ್ತವೆ ತೋರಿಸಿ ಎಂದು ನನ್ನ ಮುಂಗೈ ಚಾಚಿದೆ. ಅವರ ಒರಟು ಬೆರಳುಗಳು ನನ್ನ ಚರ್ಮದ ಮೇಲೆ ನಡೆದವು. "ಇಂಗೆ. ಆಮೇಲೆ ಇಂಗೆ. ಇಲ್ಲಿ ಸ್ವಲ್ಪ ನಿಲ್ತದೆ. ಮತ್ತೆ ಇಂಗೆ." ನಾನು ಕಣ್ಣು ಮುಚ್ಚಿ ಹಿಡಿಯಲು ನೋಡಿದೆ. ನಾವು ನುಡಿಸಿದ ಹಾಡುಗಳನ್ನೆಲ್ಲ ಒಂದೊಂದಾಗಿ ಅದರ ಪಕ್ಕ ಇಟ್ಟೆ. ಯಾವುದಕ್ಕೂ ಅದು ಹೊಂದಲಿಲ್ಲ. ನನಗೆ ಗೊತ್ತಿಲ್ಲದ ಹಾಡು ಅದು.

"ನಿದ್ದೇಲಿ ಬರೋದು ಎದ್ದಾಗ್ಲೂ ಬರಂಗೆ ಮಾಡಕ್ಕೆ ಆಗಲ್ವಾ?"

ನಾನು ಯಂತ್ರದ ಗಡಿಯಾರ ನೋಡಿದೆ. ಅವರೇ ಮುಂದುವರಿಸಿದರು.

"ಅವ್ರಿಗೆ ಏಳ್ಲಾ, ಬ್ಯಾಡ್ವಾ? ಏಳಿದ್ರೆ ಎದ್ದು ಮಿಲ್ಲಿಗೋಗಿ ಆ ಗಿಟಾರ್ ತಗೋತಾರೆ. ತಗೊಂಡ್ರೆ ಮಡ್ಚ್ಕೊತದೆ. ಆಮೇಲೆ ನಿದ್ದೇಲಿ ಇರೋದೂ ಓದ್ರೆ ಏನ್ ಮಾಡ್ಲಿ?"

ಕೇಳಿ ಹೇಳುತ್ತೇನೆ ಎಂದೆ. ಯಾರನ್ನು ಕೇಳಬೇಕೆಂದು ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಅವರ ಮೊಣಕಾಲಿಗೆ ಹಚ್ಚಿದ್ದ ಯಂತ್ರ ನಿಂತಿತು. ಪಟ್ಟಿಗಳನ್ನು ಬಿಡಿಸಿ, ಮೊಣಕಾಲು ಒರೆಸಿ, ಎಲ್ಲರಿಗೂ ಹೇಳುವ ಮಾತನ್ನೇ ಅವರಿಗೂ ಹೇಳಿದೆ:

"ಆದಷ್ಟು ನೆಲದ ಮೇಲೆ ಕೂರ್ಬೇಡಿ ಅಕ್ಕ. ಇನ್ನೂ ಜಾಸ್ತಿ ಆಗುತ್ತೆ."

ಅವರು ಸೀರೆಯ ನೆರಿಗೆ ಸರಿಮಾಡಿಕೊಂಡು, ಗೋಡೆ ಹಿಡಿದು ಎದ್ದು ನಿಂತರು.

"ಆಯ್ತು," ಎಂದರು. "ಭಾನ್ವಾರ ಒಂದಿನ ಬಿಟ್ಟು."